ಮಾರ್ಚ್ ತಿಂಗಳ ಜಗಳ

ನಮ್ಮ ಊರಿನಲ್ಲಿ ಶಿವರಾತ್ರಿಯ ಮಾರನೆಯ ದಿನದಿಂದ ಜಗಳ ಶುರು. ಜಾಗರಣೆಯ ನಿದ್ದೆ ಇನ್ನೂ ಕಣ್ಣಲ್ಲಿರುವಾಗಲೇ ಹೆಂಡತಿ ಗಂಡನ ಮೇಲೆ, ಅತ್ತೆ ಸೊಸೆಯ ಮೇಲೆ, ತಮ್ಮ ಅಣ್ಣನ ಮೇಲೆ ಏರಿ ಹೋಗುತ್ತಾರೆ. ಬೇರೆ ಊರಿನಿಂದ ಬಂದ ನೆಂಟರು ಗಾಬರಿಯಾಗಿ ಬಸ್ಸು ಹತ್ತುತ್ತಾರೆ. ನಾವು ಯಾರೂ ತಡೆಯುವುದಿಲ್ಲ. ಒಬ್ಬ ನೆಂಟ ಸುಖವಾಗಿ ಉಂಡು ಮಲಗಿದರೂ ಮನೆ ಅರ್ಧ ಅಡಿ ಬೆಳೆದುಬಿಡುತ್ತದೆ, ಮನೆ ಅಳೆಯಲು ನಾನು ಬರುವುದು ಅದೇ ತಿಂಗಳಲ್ಲಿ.

ನಾನು ಪುರಸಭೆಯ ಕಂದಾಯ ವಿಭಾಗದವಳು. ಹೆಸರು ಇಂದ್ರಮ್ಮ, ಊರಿನವರ ಬಾಯಲ್ಲಿ ಟೇಪಕ್ಕ. ಇಪ್ಪತ್ತೆಂಟು ವರ್ಷದಿಂದ ನೂರಡಿಯ ಟೇಪು ಹಿಡಿದು ಸಾವಿರದ ನೂರೈವತ್ತು ಮನೆಗಳ ಹೊಸ್ತಿಲು ತುಳಿದಿದ್ದೇನೆ. ಚದರಡಿಗೆ ಎರಡು ರೂಪಾಯಿ ಕಂದಾಯ, ಅಳೆದ ದಿನವೇ ಪಾವತಿ, ಅಲ್ಲೇ ರಸೀದಿ. ಮನೆಯವರು ಚೆನ್ನಾಗಿದ್ದರೆ ಮನೆ ಬೆಳೆಯುತ್ತದೆ, ಇಲ್ಲದಿದ್ದರೆ ಕುಗ್ಗುತ್ತದೆ. ಮಗಳು ಬಾಣಂತನಕ್ಕೆ ಬಂದರೆ ಒಂದು ಪಡಸಾಲೆ ಬರುತ್ತದೆ, ಗಂಡ ಕುಡಿಯುವುದು ಬಿಟ್ಟರೆ ಗೋಡೆಯಲ್ಲಿ ಒಂದು ಗೂಡು ಮೂಡುತ್ತದೆ. ಹೀಗಾಗಿ ಅಳತೆಗೆ ಮೊದಲು ಜಗಳವಾಡಿ ಮನೆಯನ್ನು ಕುಗ್ಗಿಸಿ, ಕಡಿಮೆ ಕಂದಾಯ ಕಟ್ಟಿ, ಯುಗಾದಿಯ ದಿನ ಬೇವು ಬೆಲ್ಲ ತಿಂದು ರಾಜಿಯಾಗುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಸುಮ್ಮನೆ ಕೂಗಾಡಿದರೆ ಮನೆ ಕದಲುವುದಿಲ್ಲ, ಅದಕ್ಕೆ ನಿಜವಾದ ಸಿಟ್ಟೇ ಬೇಕು. ವರ್ಷವಿಡೀ ನುಂಗಿಕೊಂಡದ್ದನ್ನು ಹುಡುಕಿ ತೆಗೆದು ಆಡಬೇಕು. ನಾನು ಟೇಪು ಬಿಚ್ಚುವಾಗ ಒಳಗೆ ಗಂಡ ಹೆಂಡತಿ ಮೂತಿ ತಿರುಗಿಸಿಕೊಂಡು ಕೂತಿರುತ್ತಾರೆ, ಕಣ್ಣು ಮಾತ್ರ ಟೇಪಿನ ಮೇಲೆ ಇರುತ್ತದೆ.

ನನಗೇನು ಇದು ಗೊತ್ತಿಲ್ಲವೇ? ಗೊತ್ತು. ಆದರೆ ಟೇಪು ಹೇಳಿದ್ದನ್ನು ಬರೆಯುವುದಷ್ಟೇ ನನ್ನ ಕೆಲಸ. ಒಂದು ಅಂಗುಲ ಹೆಚ್ಚು ಬರೆದವಳಲ್ಲ, ಕಡಿಮೆ ಬರೆದವಳಲ್ಲ. ಅದರ ಮೇಲೆ, ಪುರಸಭೆಯವರು ಊರಿಗೆ ಬುದ್ಧಿ ಹೇಳುವಂತೆಯೂ ಇರಲಿಲ್ಲ. ತಾತಂದಿರ ಕಾಲದಲ್ಲಿ ನಮ್ಮ ಕಚೇರಿಗೆ ಹನ್ನೆರಡು ಕಂಬಗಳಿದ್ದವಂತೆ, ಈಗ ನಾಲ್ಕಿವೆ. ಇಪ್ಪತ್ತಮೂರು ಸದಸ್ಯರು ಯಾವತ್ತೂ ಒಂದು ಮಾತಿಗೆ ಬಾರದೆ ಸಭಾಂಗಣ ಎಷ್ಟು ಕುಗ್ಗಿದೆಯೆಂದರೆ ಸಭೆಯನ್ನು ಎರಡು ಪಾಳಿಯಲ್ಲಿ ನಡೆಸುತ್ತಾರೆ. ಎರಡನೆಯ ಪಾಳಿಯವರು ಮೊದಲನೆಯವರ ನಿರ್ಣಯವನ್ನು ರದ್ದು ಮಾಡಿ ಚಹಾ ಕುಡಿದು ಹೋಗುತ್ತಾರೆ.

ಊರಿನ ಸರ್ಕಾರಿ ಕಟ್ಟಡಗಳಲ್ಲಿ ಬೆಳೆಯುತ್ತಿದ್ದುದು ಒಂದೇ, ಪುರಸಭೆಯ ಹೆರಿಗೆ ಮನೆ. ಆರು ಮಂಚಕ್ಕೆಂದು ಕಟ್ಟಿದ್ದು, ತಾನಾಗಿ ಹನ್ನೊಂದು ಮಂಚದಷ್ಟಾಗಿದೆ. ಅಲ್ಲಿ ನರ್ಸು ಫಿಲೋಮಿನಾ ಸಿಸ್ಟರ್, ಆಯಾ ನನ್ನ ಅತ್ತಿಗೆ ಸರ್ವಮಂಗಳಾ. ಅತ್ತಿಗೆ ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಬೋರಲು ಮಲಗಿಸಿ ನೀರು ಹಾಕಿದರೆ ಎಂಥ ಹಟಮಾರಿ ಕೂಸೂ ಅಳು ನಿಲ್ಲಿಸುತ್ತದೆ. ಊರಿನ ಹರೆಯದವರಲ್ಲಿ ಅರ್ಧಕ್ಕರ್ಧ ಅವರ ಕಾಲ ಮೇಲೆ ಮಿಂದವರೇ. ನನ್ನ ಅಣ್ಣ ತೀರಿಹೋಗಿ ಹದಿನಾಲ್ಕು ವರ್ಷ. ಮಕ್ಕಳಾಗಲಿಲ್ಲ. ಅಂದಿನಿಂದ ಅತ್ತಿಗೆಗೆ ಆ ಹೆರಿಗೆ ಮನೆಯೇ ಜೀವ. ಸಂಜೆ ಮನೆಗೆ ಬಂದು ಇವತ್ತು ಯಾವ ಮಗು ಬಂತು, ಎಷ್ಟು ತೂಕ, ಯಾರ ಮೂಗು ಎಂದು ಹೇಳುವಾಗ ಮಾತ್ರ ಅವರ ಮುಖ ಅರಳುತ್ತದೆ.

ನಾವಿಬ್ಬರೂ ಒಂದೇ ಮನೆಯಲ್ಲಿದ್ದೆವು. ನಾನು ಮದುವೆಯಾಗಲಿಲ್ಲ, ನನ್ನ ಬಾಯಿಗೆ ಹೆದರಿ ಕೇಳಿ ಬಂದವರೂ ಕಡಿಮೆ. ನಮ್ಮ ಮನೆ ನೂರ ಎಪ್ಪತ್ತೆರಡು ಚದರಡಿ. ಒಂಬತ್ತು ವರ್ಷದಿಂದ ಅಷ್ಟೇ ಇತ್ತು, ಒಂದು ಅಂಗುಲ ಆಚೆಯಿಲ್ಲ, ಈಚೆಯಿಲ್ಲ. "ನಮ್ಮನೇಲಿ ಜಗಳಾನೇ ಇಲ್ಲ ನೋಡಿ" ಎಂದು ನಾನು ಮನೆಮನೆಯಲ್ಲೂ ಹೇಳಿಕೊಂಡು ತಿರುಗುತ್ತಿದ್ದೆ.

ಈ ವರ್ಷ ಫೆಬ್ರುವರಿಯಲ್ಲಿ ಮುಖ್ಯಾಧಿಕಾರಿ ಧರಣೇಂದ್ರಯ್ಯನವರು ನನ್ನನ್ನು ಕರೆಸಿದರು. ನಿವೃತ್ತಿಗೆ ಎರಡು ವರ್ಷವಿರುವ ಸಾಧು ಮನುಷ್ಯ. ಬಾಗಿಲು ಕುಗ್ಗಿರುವುದರಿಂದ ಅವರ ಕೋಣೆಗೆ ಎಲ್ಲರೂ ಬಗ್ಗಿಯೇ ಹೋಗಬೇಕು, ಅದನ್ನು ಹೊಸಬರು ವಿನಯವೆಂದು ತಿಳಿಯುತ್ತಾರೆ.

"ಕೂತ್ಕೊಳಿ ಇಂದ್ರಮ್ಮ," ಎಂದರು.

"ಎಲ್ಲಿ ಸಾರ್?" ಎಂದೆ. ಅವರ ಕುರ್ಚಿ ಮತ್ತು ಗೋಡೆಯ ನಡುವೆ ಒಂದು ಕಡತ ಇಡಲೂ ಜಾಗವಿರಲಿಲ್ಲ.

"ಹಾಗಾದ್ರೆ ನಿಂತೇ ಕೇಳಿ. ಮೇಲಿಂದ ಬರೋ ಅನುದಾನಕ್ಕೆ ಈ ಸಲ ಷರತ್ತು ಹಾಕಿದಾರೆ. ನಮ್ಮ ಸ್ವಂತ ಆದಾಯ ಹೋದ ವರ್ಷಕ್ಕಿಂತ ಹತ್ತರಲ್ಲಿ ಒಂದು ಪಾಲು ಜಾಸ್ತಿ ಆಗ್ಬೇಕಂತೆ. ಹೋದ ವರ್ಷ ಹದಿನೆಂಟು ಲಕ್ಷದ ನಲವತ್ತು ಸಾವಿರ. ಈ ವರ್ಷ ಇಪ್ಪತ್ತು ಲಕ್ಷದ ಇಪ್ಪತ್ನಾಲ್ಕು ಸಾವಿರ ತೋರಿಸ್ಬೇಕು. ಮಾರ್ಚ್ ಮೂವತ್ತೊಂದರ ಒಳಗೆ. ಇಲ್ದಿದ್ರೆ ಅರವತ್ತು ಲಕ್ಷ ಬರಲ್ಲ."

ಊರು ನಡೆಯುವುದು ಯಾವ ದುಡ್ಡಿನಿಂದ ಎಂದು ಜನ ಸಾಮಾನ್ಯವಾಗಿ ಯೋಚಿಸುವುದಿಲ್ಲ. ನಲ್ಲಿಯಲ್ಲಿ ನೀರು ಬರದಿದ್ದಾಗ ಮಾತ್ರ ಯೋಚಿಸುತ್ತಾರೆ, ಅದೂ ಬೈಗುಳದ ರೂಪದಲ್ಲಿ. ಮನೆ ಕಂದಾಯ, ನೀರಿನ ಶುಲ್ಕ, ಸಂತೆಯ ಸುಂಕ ಮತ್ತು ಮಳಿಗೆಗಳ ಬಾಡಿಗೆ, ಇಷ್ಟೇ ನಮ್ಮ ಸ್ವಂತದ್ದು. ಅದು ಸಂಬಳಕ್ಕೂ ದೀಪದ ಬಿಲ್ಲಿಗೂ ಸಾಕಾಗುತ್ತದೆ ಅನ್ನುವಷ್ಟರಲ್ಲಿ ಮುಗಿದುಹೋಗುತ್ತದೆ. ಉಳಿದದ್ದಕ್ಕೆಲ್ಲ ಮೇಲಿನ ಅನುದಾನವೇ ಗತಿ.

"ಬರದಿದ್ರೆ ಏನಾಗತ್ತೆ ಸಾರ್?"

"ನೀರು ಬಿಡ್ಲೇಬೇಕು, ಕಸ ಎತ್ಲೇಬೇಕು, ದೀಪ ಹಾಕ್ಲೇಬೇಕು. ಕಾನೂನಿನಲ್ಲಿ ಬೇಕೇ ಬೇಕು ಅಂತಿದೆ. ಹೆರಿಗೆ ಮನೆ ಮಾತ್ರ ನಡೆಸಬಹುದು ಅಂತಿದೆ." ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಏಪ್ರಿಲ್ ಒಂದಕ್ಕೆ ಬೀಗ ಹಾಕ್ಬೇಕಾಗತ್ತೆ ಕಣಮ್ಮ."

"ದರ ಏರ್ಸಿ."

"ಕೌನ್ಸಿಲ್ ಒಪ್ಬೇಕಲ್ಲ. ಮೊದಲನೇ ಪಾಳಿ ಒಪ್ತು. ಎರಡನೇ ಪಾಳಿ ರದ್ದು ಮಾಡ್ತು."

ಸಂತೆಯ ಸುಂಕ, ಬಾಡಿಗೆ ಎಲ್ಲ ಮೊದಲೇ ಗೊತ್ತಾದ ಮೊತ್ತ. ಹೆಚ್ಚಾಗಬಹುದಾದದ್ದು ಮನೆ ಕಂದಾಯ ಒಂದೇ. ನಿಂತಲ್ಲೇ ಲೆಕ್ಕ ಹಾಕಿದೆ, ಮನೆಗೆ ಎಂಬತ್ತು ಚದರಡಿ, ಅಂದರೆ ಎಂಟಡಿ ಹತ್ತಡಿಯ ಒಂದೊಂದು ಕೋಣೆ ಊರಿನ ಪ್ರತಿ ಮನೆಯಲ್ಲೂ ಹೆಚ್ಚಿಗೆ ಬರಬೇಕು. ಇನ್ನೊಂದು ಉಪಾಯವೂ ಹೊಳೆಯದೆ ಇರಲಿಲ್ಲ. ಪೆನ್ಸಿಲಿನಲ್ಲಿ ಒಂದು ಗೀಟು ಹೆಚ್ಚು ಎಳೆದರೆ ಸಾಕು. ಆದರೆ ಆಡಿಟ್‌ನವರು ಬಂದು ತಮಗೆ ಬೇಕಾದ ಹತ್ತು ಮನೆಗಳನ್ನು ತಾವೇ ಅಳೆಯುತ್ತಾರೆ. ಅಳೆಯದಿದ್ದರೂ ನನ್ನಿಂದ ಆಗುತ್ತಿರಲಿಲ್ಲ.

ಅಂದು ಸಂಜೆ ಅತ್ತಿಗೆಗೆ ಹೇಳಿದೆ. ಅವರು ಬಟ್ಟೆ ಮಡಿಸುತ್ತಿದ್ದರು. ಮಡಿಸಿದ ಸೀರೆಯನ್ನೇ ಬಿಚ್ಚಿ ಮತ್ತೆ ಮಡಿಸಿದರು.

"ನೀವೇನಾದ್ರೂ ಮಾಡ್ತೀರಲ್ವಾ ಇಂದ್ರಮ್ಮ?" ಎಂದರು. ಒಂಬತ್ತು ವರ್ಷದಲ್ಲಿ ಅವರು ನನ್ನನ್ನು ಕೇಳಿದ ಒಂದೇ ಒಂದು ಬೇಡಿಕೆ ಅದು. ಮಾಡುತ್ತೇನೆ ಎಂದೆ.

ಶಿವರಾತ್ರಿಗೆ ಮುಂಚೆ ಒಂದು ಆಟೋಗೆ ಮೈಕು ಕಟ್ಟಿಸಿ ಬೀದಿ ಬೀದಿಯಲ್ಲಿ ಕೂಗಿಸಿದೆವು. "ಮಹನೀಯರೇ, ಮಹಿಳೆಯರೇ, ಹೆರಿಗೆ ಮನೆಯ ಉಳಿವಿಗಾಗಿ ಈ ವರ್ಷ ದಯಮಾಡಿ ಜಗಳವಾಡಬೇಡಿ." ನಮ್ಮ ಜನರನ್ನು ನಾನು ಎಷ್ಟಾದರೂ ಆಡಿಕೊಳ್ಳುತ್ತೇನೆ, ಆದರೆ ಅವರು ಒಳ್ಳೆಯವರು. ಹೆಚ್ಚು ಕಂದಾಯ ಕಟ್ಟಬೇಕಾಗುತ್ತದೆ ಎಂದು ಗೊತ್ತಿದ್ದೂ ಒಬ್ಬರೂ ಇಲ್ಲವೆನ್ನಲಿಲ್ಲ. ಶಿವರಾತ್ರಿ ಕಳೆಯಿತು, ಊರು ಮೌನವಾಗಿತ್ತು. ಅತ್ತೆಯಂದಿರು ಸೊಸೆಯರಿಗೆ ಕಾಫಿ ಮಾಡಿಕೊಟ್ಟರು. ಹಾಲಿನವನು ನೀರು ಬೆರೆಸಿ ತಂದರೆ, ತಣ್ಣಗಿದೆ ಹಾಲು ಎಂದು ಹೊಗಳಿದರು.

ಅಳತೆ ಶುರುಮಾಡಿದ ಮೊದಲ ದಿನವೇ ಏನೋ ಸರಿಯಿಲ್ಲ ಅನಿಸಿತು. ಹೋದ ವರ್ಷ ಜಗಳವಾಡಿಯೂ ಮುನ್ನೂರ ತೊಂಬತ್ತಿದ್ದ ಮನೆ ಈಗ ಮುನ್ನೂರ ಎಪ್ಪತ್ತು. ಟೇಪು ಸಿಕ್ಕಿಹಾಕಿಕೊಂಡಿದೆಯೇನೋ ಎಂದು ಎರಡು ಸಲ ಎಳೆದೆ. ನಾನು ಮತ್ತು ವಿಭಾಗದ ಇನ್ನಿಬ್ಬರು ನಾಲ್ಕು ದಿನದಲ್ಲಿ ಇನ್ನೂರು ಮನೆ ಅಳೆದು ರಸೀದಿ ಕೊಟ್ಟೆವು. ಇನ್ನೂರರಲ್ಲಿ ಒಂದು ಮನೆಯೂ ಬೆಳೆದಿರಲಿಲ್ಲ.

ಐದನೆಯ ದಿನ ಬೆಳ್ಳಿ ಕೆಲಸದ ನಾಗೇಂದ್ರಾಚಾರಿಯ ಮನೆಗೆ ಹೋದೆ. ಗಂಡ ಹೆಂಡತಿ ಇಬ್ಬರೂ ಬಾಗಿಲಿಗೆ ಬಂದು ಕೈಮುಗಿದರು. ಹೋದ ವರ್ಷ ಇದೇ ಬಾಗಿಲಲ್ಲಿ ಅವರಿಬ್ಬರೂ ಒಬ್ಬರಿಗೊಬ್ಬರು ಇಕ್ಕಳ ತೋರಿಸುತ್ತ ನಿಂತಿದ್ದರು.

"ಟೇಪಕ್ಕನಿಗೆ ಚಾಪೆ ಹಾಕೆ," ಎಂದ ಆಚಾರಿ. ಆಮೇಲೆ ನೆನಪಾಗಿ, "ಬೇಡ, ನೀನ್ ಕೂತ್ಕೊ, ನಾನೇ ಹಾಕ್ತೀನಿ. ನಿನ್ನೆಯಿಂದ ಬೆಳ್ಳಿ ತಿಕ್ಕಿ ತಿಕ್ಕಿ ಕೈ ನೋಯ್ತಿರತ್ತೆ," ಎಂದ.

"ಪರವಾಗಿಲ್ಲ ರೀ," ಎಂದಳು ಹೆಂಡತಿ ಜಯಶೀಲಾ, ನಗುತ್ತ.

ನಾನು ಟೇಪಿನ ತುದಿಯನ್ನು ಗೋಡೆಗೆ ಒತ್ತಿ ಹಿಡಿದಿದ್ದೆ. ಅವಳು ಪರವಾಗಿಲ್ಲ ಎಂದಾಗ ಗೋಡೆ ನನ್ನ ಹೆಬ್ಬೆರಳನ್ನು ತಳ್ಳಿಕೊಂಡು ಒಂದು ಅಂಗುಲ ಒಳಗೆ ಬಂತು.

ಟೇಪು ಬಿಟ್ಟು ಅವಳ ಮುಖ ನೋಡಿದೆ. ಆ ನಗು, ಆ ಮಾತು ನನಗೆ ಚೆನ್ನಾಗಿ ಗೊತ್ತಿತ್ತು. ದಿನಕ್ಕೆ ಹತ್ತು ಸಲ ನಮ್ಮ ಮನೆಯಲ್ಲೂ ಅದೇ ಮಾತು ಕೇಳುತ್ತಿದ್ದೆ. ಆ ವಿಚಾರ ಆಮೇಲೆ ಹೇಳುತ್ತೇನೆ.

"ಜಯಶೀಲಮ್ಮ, ಏನಿದೆಯೋ ಹೇಳ್ಬಿಡಿ," ಎಂದೆ.

"ಅಯ್ಯೋ ಏನಿಲ್ಲ ಟೇಪಕ್ಕ. ಮೈಕಲ್ಲಿ ಹೇಳಿದಾರಲ್ಲ."

"ನಾನೇ ಹೇಳ್ತಿದೀನಿ, ಮೈಕಿನ ಮಾತು ಬಿಡಿ."

ಅವಳು ಗಂಡನ ಕಡೆ ತಿರುಗಿದಳು. ಆಮೇಲೆ ಶುರುವಾಯಿತು. ಹದಿನಾರು ವರ್ಷದಿಂದ ಬೆಳ್ಳಿಯ ದೀಪದ ಕಂಬಗಳ ಮೇಲಿನ ಬಳ್ಳಿಯ ಕೆತ್ತನೆಯೆಲ್ಲ ಅವಳ ಕೈಯದ್ದಂತೆ. ಗಿರಾಕಿಗಳ ಮುಂದೆ ಅವನು ಅದನ್ನು ತನ್ನ ತಂದೆಯಿಂದ ಬಂದ ವಿದ್ಯೆ ಎನ್ನುತ್ತಾನಂತೆ. "ನಿಮ್ಮಪ್ಪನ ಕೈಲಿ ಒಂದು ಹೂವು ಬಿಡಿಸೋಕೆ ಬರ್ತಿತ್ತೇನ್ರೀ? ಅವರು ಮಾಡಿದ ನವಿಲು ಕೋಳಿ ಥರ ಇರ್ತಿತ್ತು." ಆಚಾರಿಯೂ ಬಿಡಲಿಲ್ಲ. ಅವನಿಗೆ ಹಾಗಲಕಾಯಿ ಕಂಡರಾಗುವುದಿಲ್ಲವಂತೆ, ಮದುವೆಯ ಹೊಸದರಲ್ಲಿ ಚೆನ್ನಾಗಿದೆ ಎಂದದ್ದೇ ತಪ್ಪಾಗಿ ಹದಿನಾರು ವರ್ಷ ವಾರಕ್ಕೆರಡು ಸಲ ತಿಂದಿದ್ದಾನಂತೆ. ಸೂರು ತಲೆಗೆ ತಾಗುವಷ್ಟು ಇಳಿಯಿತು. ಗೋಡೆಗಳು ಬಂದು ನಮ್ಮ ಮೂವರನ್ನೂ ಒತ್ತರಿಸಿ ನಿಲ್ಲಿಸಿದವು. ಆಚಾರಿಯ ಮೊಣಕೈ ನನ್ನ ಪಕ್ಕೆಯಲ್ಲಿ, ಜಯಶೀಲಳ ಹೆರಳು ನನ್ನ ಬಾಯಲ್ಲಿ.

"ಹದಿನಾರು ವರ್ಷ ಹಾಗಲಕಾಯಿ," ಎಂದಳು ಅವಳು ಮೆಲ್ಲಗೆ. "ನನಗೂ ಅದು ಆಗಲ್ಲ ಕಣ್ರೀ. ನಿಮಗೆ ಇಷ್ಟ ಅಂತ ಮಾಡ್ತಿದ್ದೆ."

ಮೊದಲು ನಕ್ಕದ್ದು ಯಾರೋ ತಿಳಿಯಲಿಲ್ಲ, ಅಷ್ಟು ಇಕ್ಕಟ್ಟಾಗಿತ್ತು. ನಗು ಬಂದ ಹಾಗೆಲ್ಲ ಉಸಿರಾಡಲು ಜಾಗವಾಯಿತು. ನಾಳೆಯಿಂದ ಅಂಗಡಿಯ ಬೋರ್ಡಿನ ಮೇಲೆ ಹೆಂಡತಿಯ ಹೆಸರನ್ನೂ ಬರೆಸುತ್ತೇನೆ ಎಂದು ಆಚಾರಿ ಹೇಳುವ ಹೊತ್ತಿಗೆ ಅಡುಗೆಮನೆಯಲ್ಲಿ ಪೂರ್ವಕ್ಕೊಂದು ಕಿಟಕಿ ಬಂದಿತ್ತು. ಅದರಾಚೆಗೆ ಕೆತ್ತನೆ ಕೆಲಸಕ್ಕೆ ಹೇಳಿ ಮಾಡಿಸಿದಂಥ ಬೆಳಕಿನ ಕೋಣೆ. ಅಳೆದೆ. ಹೋದ ವರ್ಷಕ್ಕಿಂತ ನೂರ ಎಂಟು ಚದರಡಿ ಹೆಚ್ಚು.

ನಮ್ಮ ತಪ್ಪು ಆಗ ತಿಳಿಯಿತು. ನುಂಗಿಕೊಂಡ ಮಾತೂ ಮನೆಯನ್ನು ಕುಗ್ಗಿಸುತ್ತದೆ. ತಲೆತಲಾಂತರದಿಂದ ನಾವು ಮನೆಗಳನ್ನು ಅಳೆದದ್ದು ಜಗಳದ ನಡುವೆ. ಜಗಳ ಮುಗಿದ ಮೇಲೆ ಅವು ಎಷ್ಟು ಬೆಳೆಯುತ್ತವೆ ಎಂದು ಯಾರೂ ನೋಡಿರಲಿಲ್ಲ. ಮಾರ್ಚ್ ಜಗಳ ಕಂದಾಯ ತಪ್ಪಿಸುವ ಆಟ ಎಂದುಕೊಂಡೇ ನಾವು ವರ್ಷವರ್ಷ ಮನೆಗಳನ್ನು ಉಳಿಸಿಕೊಂಡಿದ್ದೆವು, ಈ ವರ್ಷ ಅದನ್ನೇ ಮೈಕು ಕಟ್ಟಿ ನಿಲ್ಲಿಸಿದ್ದೆವು. ನಾನು ಅಲ್ಲಿಂದ ಕಚೇರಿಗೆ ಓಡಿದೆ. ಮುಖ್ಯಾಧಿಕಾರಿ ನಾನು ಹೇಳಿದ್ದನ್ನು ಕೇಳಿ, "ಕಡತದಲ್ಲಿ ಹೇಗೆ ಬರೀಲಿ ಇದನ್ನ?" ಎಂದರು. ಮಾರನೆಯ ದಿನ ಅದೇ ಆಟೋ ಹೊರಟಿತು. "ಮಹನೀಯರೇ, ಮಹಿಳೆಯರೇ, ದಯಮಾಡಿ ಮನಬಿಚ್ಚಿ ಜಗಳವಾಡಿ. ಹದಿನೆಂಟನೇ ತಾರೀಖಿನೊಳಗೆ ಮುಗಿಸಿ ರಾಜಿಯಾಗಿ."

ಅಂಥ ಒಂದು ವಾರವನ್ನು ನಾನು ಮತ್ತೆ ಕಾಣಲಾರೆ. ಬರೀ ಸಿಟ್ಟಲ್ಲ, ಬಾಕಿ ಉಳಿದ ಮಾತುಗಳೆಲ್ಲ ಹೊರಗೆ ಬಂದವು. ಎಪ್ಪತ್ತು ದಾಟಿದ ಮುದುಕರೊಬ್ಬರು ಚಿಕ್ಕಂದಿನಲ್ಲಿ ತಮ್ಮನ ಗಾಳಿಪಟ ಹರಿದವನು ತಾನೇ ಎಂದು ಒಪ್ಪಿಕೊಂಡರು. ಸೊಸೆಯೊಬ್ಬಳು ಅತ್ತೆಯ ಉಪ್ಪಿನಕಾಯಿ ಜಾಡಿ ಒಡೆದದ್ದು ಬೆಕ್ಕಲ್ಲ ಎಂದಳು. ಜನ ಬೀದಿಗೆ ಬಂದು ಅತ್ತರು, ಜಗಲಿಯ ಮೇಲೆ ಮಲಗಿದರು, ಮತ್ತೆ ಒಳಗೆ ಹೋದರು. ಇಪ್ಪತ್ತರ ಹೊತ್ತಿಗೆ ಬೀದಿಗಳು ಗುರುತು ಸಿಗದಂತಾಗಿದ್ದವು. ನಾವು ಮೂವರೂ ಊಟ ಬಿಟ್ಟು ಅಳೆದೆವು. ನೂರಡಿಯ ಟೇಪು ಸಾಲದೆ ಗಂಟು ಹಾಕಿದ ಕಡೆಯೂ ಇದೆ. ರಸೀದಿ ಪುಸ್ತಕ ಮುಗಿದು ಪಕ್ಕದ ಊರಿನ ಪುರಸಭೆಯಿಂದ ತರಿಸಿದೆವು. ಕಂದಾಯ ಕಟ್ಟುವಾಗ ಗೊಣಗಿದರು, ಅದೂ ಬಾಯಿಮಾತಿಗೆ.

ಈಗ ನನ್ನ ವಿಚಾರ. ಒಂಬತ್ತು ವರ್ಷದ ಕೆಳಗೆ ಪ್ರತಿ ಗುರುವಾರ ಲಸಿಕೆಯ ಪೆಟ್ಟಿಗೆ ಹಿಡಿದು ಸೋಮಶೇಖರಪ್ಪ ಎನ್ನುವವರು ಹೆರಿಗೆ ಮನೆಗೆ ಬರುತ್ತಿದ್ದರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಮಿತಭಾಷಿ. ಒಂದು ಗುರುವಾರ ಅತ್ತಿಗೆ ಇಲ್ಲದ ಹೊತ್ತಿನಲ್ಲಿ ನಮ್ಮ ಮನೆಗೆ ಬಂದರು. ಸರ್ವಮಂಗಳಾ ಅವರನ್ನು ಮದುವೆಯಾಗುವ ಆಸೆಯಿದೆ, ಮನೆಯವರು ಎಂದು ಇರುವವರು ನೀವೊಬ್ಬರೇ, ಅವರನ್ನು ಕೇಳಿ ಹೇಳುತ್ತೀರಾ ಎಂದರು. ನಾನು ಕೇಳಲಿಲ್ಲ. ಅತ್ತಿಗೆ ಹೊರಟುಹೋದರೆ ಆ ಮನೆಯಲ್ಲಿ ನಾನೊಬ್ಬಳೇ ಎನ್ನುವುದಷ್ಟೇ ನನ್ನ ತಲೆಯಲ್ಲಿ ಬಂತು. "ಅವರಿಗೆ ಇಷ್ಟವಿಲ್ಲ" ಎಂದೆ, ಆಗಲೇ ಕೇಳಿ ಮುಗಿಸಿದವಳ ಹಾಗೆ. ಅವರು ವರ್ಗ ಮಾಡಿಸಿಕೊಂಡು ಹೋದರು. ಅಂದಿನಿಂದ ಅತ್ತಿಗೆಗೂ ನನಗೂ ನಡುವೆ ಎಲ್ಲದಕ್ಕೂ ಪರವಾಗಿಲ್ಲ, ಎಲ್ಲವೂ ಮರ್ಯಾದೆ, ನೂರ ಎಪ್ಪತ್ತೆರಡು ಚದರಡಿ.

ಇಪ್ಪತ್ತೊಂಬತ್ತನೆಯ ತಾರೀಖು, ಶನಿವಾರ ಸಂಜೆ ಮುಖ್ಯಾಧಿಕಾರಿಗಳ ಕೋಣೆಯಲ್ಲಿ ಲೆಕ್ಕ ಕೂಡಿದೆವು. ಮೊದಲು ಅಳೆದ ಆ ಇನ್ನೂರು ಮನೆಗಳ ರಸೀದಿ ಬರೆದಾಗಿತ್ತು, ವರ್ಷಕ್ಕೊಮ್ಮೆ ಅಳೆದದ್ದನ್ನು ತಿದ್ದುವಂತಿಲ್ಲ. ಉಳಿದವರು ಆ ಕೊರತೆಯನ್ನೂ ತುಂಬಿದ್ದರು, ಮುನ್ನೂರ ಹತ್ತು ರೂಪಾಯಿ ಬಿಟ್ಟು.

ಫಿಲೋಮಿನಾ ಸಿಸ್ಟರ್ ಅಲ್ಲೇ ಬಾಗಿಲಲ್ಲಿ ಬಗ್ಗಿ ನಿಂತಿದ್ದರು. "ಅಷ್ಟೇನಾ? ಇಷ್ಟು ದಿನ ಜೀವ ತಿಂದ್ರಲ್ಲ," ಎಂದು ಪರ್ಸ್ ತೆಗೆದರು.

"ಅದು ದೇಣಿಗೆ ಆಗತ್ತೆ ಸಿಸ್ಟರ್," ಎಂದರು ಧರಣೇಂದ್ರಯ್ಯ. "ದೇಣಿಗೆ ಬೇರೆ ಲೆಕ್ಕ. ಷರತ್ತು ಇರೋದು ಕಂದಾಯ, ಶುಲ್ಕ, ಬಾಡಿಗೆಗೆ. ನಾನು ನನ್ನ ಸಂಬಳಾನೇ ಹಾಕಿದ್ರೂ ಲೆಕ್ಕಕ್ಕೆ ಬರಲ್ಲ."

ಅಳೆಯದೆ ಉಳಿದದ್ದು ಒಂದೇ ಮನೆ. ಅಳೆಯುವವಳು ತನ್ನ ಮನೆಯನ್ನು ತಾನೇ ಅಳೆಯಬಾರದು, ಹಾಗಾಗಿ ನಮ್ಮದನ್ನು ಕೊನೆಯ ದಿನ ಮುಖ್ಯಾಧಿಕಾರಿಯೇ ಬಂದು ಅಳೆಯುವುದು ರೂಢಿ. ಅದರ ಕಂದಾಯವನ್ನು ಹೋದ ವರ್ಷದಷ್ಟೇ ಎಂದು ಆಗಲೇ ಸೇರಿಸಿ ಕೂಡಿಸಿದ್ದೆವು. ಅಷ್ಟು ಚಿಕ್ಕ ಮನೆಗಳಿಗೆ ಅಳತೆ ಎಷ್ಟೇ ಬರಲಿ ಕನಿಷ್ಠ ಮುನ್ನೂರ ಅರವತ್ತು. ಇನ್ನು ಮುನ್ನೂರ ಹತ್ತು ಹುಟ್ಟಬೇಕಾದರೆ ನಮ್ಮ ಮನೆ ಎರಡರಷ್ಟಾಗಬೇಕು.

"ಆಗಿರತ್ತೆ ಬಿಡಿ," ಎಂದರು ಸಿಸ್ಟರ್ ನನ್ನ ಕಡೆ ನೋಡದೆ. "ನಿಮ್ಮನೇಲಿ ಜಗಳಾನೇ ಇಲ್ವಲ್ಲ ಇಂದ್ರಮ್ಮ."

ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತೆವು. ಮುದ್ದೆ, ಸೊಪ್ಪಿನ ಸಾರು. ಅತ್ತಿಗೆ ಬಡಿಸಿ ತಾವೂ ಕೂತರು. ಎರಡು ತುತ್ತು ತಿಂದು ತಟ್ಟೆ ಸರಿಸಿದೆ.

"ಅತ್ತಿಗೆ, ಸೋಮಶೇಖರಪ್ಪನವರು ಇಲ್ಲಿಗೆ ಬಂದಿದ್ರು. ಆ ವರ್ಷ. ನಿಮ್ಮನ್ನ ಕೇಳೋಕೆ ಅಂತ. ನಿಮಗೆ ಇಷ್ಟ ಇಲ್ಲ ಅಂತ ನಾನೇ ಹೇಳಿ ಕಳಿಸ್ದೆ. ನಿಮಗೆ ತಿಳಿಸ್ಲಿಲ್ಲ."

ಅತ್ತಿಗೆ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದರು. "ಗೊತ್ತು," ಎಂದರು.

"ಗೊತ್ತಾ?"

"ಅವತ್ತು ಸಂಜೇನೇ ಗೊತ್ತಾಯ್ತು. ಇಲ್ಲಿಂದ ನೇರ ಹೋಗಿ ಸಿಸ್ಟರ್ ಹತ್ರ ಹೇಳಿದ್ರಂತೆ. ನೀವೇ ಬಾಯಿ ಬಿಡ್ತೀರಿ ಅಂತ ಒಂಬತ್ತು ವರ್ಷ ಕಾದೆ. ಈಗ ಬಿಟ್ರಿ. ಯಾಕೆ? ಪುರಸಭೆಗೆ ಮುನ್ನೂರ ಹತ್ತು ರೂಪಾಯಿ ಕಮ್ಮಿ ಬಿದ್ದಿದೆ ಅಂತ."

ಅವರು ಹೇಳಿದ್ದು ನಿಜ. ನಮ್ಮ ಸೂರು ಕರಕರ ಎಂದು ಇಳಿಯತೊಡಗಿತು.

"ನನಗೆ ಒಬ್ಬಳೇ ಇರೋಕೆ ಭಯ ಆಯ್ತು," ಎಂದೆ.

"ಭಯ ಆದ್ರೆ ಭಯ ಅಂತ ಹೇಳ್ಬೇಕಿತ್ತು. ನಾನು ಹೋಗ್ತಿದ್ನೋ ಇಲ್ವೋ ನಂಗೇ ಗೊತ್ತಿಲ್ಲ. ಬಹುಶಃ ಹೋಗ್ತಿರ್ಲಿಲ್ಲ. ಆದ್ರೆ ನೀನು ಕೇಳ್ಲಿ‌ಲ್ಲ ನನ್ನನ್ನ. ನಿನ್ನ ಮಾತನ್ನ ನನ್ನ ಮಾತು ಅಂತ ಕಳಿಸ್ದೆ." ಹದಿನಾಲ್ಕು ವರ್ಷದಲ್ಲಿ ಅತ್ತಿಗೆ ನನ್ನ ಮೇಲೆ ದನಿ ಎತ್ತಿದ್ದು, ನೀನು ಎಂದದ್ದು ಅದೇ ಮೊದಲು.

"ನೀವಾದ್ರೂ ಹೋಗಿ ಅವರಿಗೆ ಹೇಳ್ಬಹುದಿತ್ತಲ್ಲ."

"ಹೇಳ್ಬೇಕಿತ್ತು. ಹೇಳ್ಲಿಲ್ಲ ಅಂತ ನನ್ನ ಮೇಲೂ ಸಿಟ್ಟಿದೆ. ಅದು ನಂದು, ಅದನ್ನ ನಾನು ನೋಡ್ಕೊತೀನಿ. ನಿಂದನ್ನ ನೀನು ನೋಡ್ಕೊ."

ಅವರು ತಟ್ಟೆ ಎತ್ತಿಕೊಂಡು ಅಡುಗೆಯ ಮೂಲೆಗೆ ಹೋದರು. ಅವರ ಹಿಂದೆಯೇ ನೆಲದಿಂದ ಗೋಡೆಯೊಂದು ಏಳುತ್ತ ಬಂತು. ನಾನು ಕೂತಲ್ಲೇ ಕೂತಿದ್ದೆ. ಮನೆ ಬೆಳೆಯಲಿ ಎಂದು ಬಾಯಿ ತೆರೆದವಳು ಇದ್ದ ಮನೆಯನ್ನೂ ಕಳೆದುಕೊಂಡೆ ಅನಿಸಿತು. ಅದಕ್ಕಿಂತ ಹೆಚ್ಚಾಗಿ, ಅತ್ತಿಗೆಯ ಕೆಲಸವನ್ನೂ ಕಳೆದೆ ಅನಿಸಿತು. ಅವರಿಂದ ಒಮ್ಮೆ ಒಂದು ಬಾಳನ್ನು ಕಿತ್ತುಕೊಂಡಿದ್ದೆ, ಈಗ ಎರಡನೆಯದು.

ಸೋಮವಾರ ಮಧ್ಯಾಹ್ನ ಮೂರಕ್ಕೆ ಧರಣೇಂದ್ರಯ್ಯನವರು ಟೇಪು ಹಿಡಿದು ಬಂದರು. ಟೇಪು ಹಿಡಿಯಲು ಅವರಿಗೆ ಬರುವುದಿಲ್ಲ, ಬಿಚ್ಚಿದ್ದು ಕೊರಳಿಗೆ ಸುತ್ತಿಕೊಂಡಿತ್ತು. ನಮ್ಮ ಮನೆಯ ಮುಂದೆ ನಿಂತು ಆಚೆಯಿಂದೀಚೆಗೆ ನೋಡಿದರು. ನಾನೂ ಆಗಲೇ ಸರಿಯಾಗಿ ನೋಡಿದ್ದು. ನಮ್ಮ ಬಾಗಿಲಿನಿಂದ ನಾಲ್ಕು ಹೆಜ್ಜೆ ಆಚೆ, ಬೀದಿಗೆ ಇನ್ನೊಂದು ಬಾಗಿಲು ಬಂದಿತ್ತು. ಅದಕ್ಕೆ ಎರಡು ಮೆಟ್ಟಿಲು, ಮೆಟ್ಟಿಲ ಮೇಲೆ ಆಗಲೇ ರಂಗೋಲಿ. ಅತ್ತಿಗೆ ಒಳಗಿನಿಂದ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು ಹೊಸ್ತಿಲಲ್ಲಿ ನಿಂತರು.

ಮುಖ್ಯಾಧಿಕಾರಿ ನನ್ನ ಕಡೆಯಿಂದ ಒಳಗೆ ಹೋಗಿ ನೋಡಿದರು. ನಡುವಿನ ಗೋಡೆ ಪೂರ್ತಿ ಮುಚ್ಚಿರಲಿಲ್ಲ, ಒಬ್ಬರು ಅಡ್ಡಡ್ಡ ನುಸುಳಬಹುದಾದಷ್ಟು ಸಂದು ಉಳಿದಿತ್ತು. ಅಳೆದರು. ನನ್ನದು ಎಂಬತ್ತು, ಅತ್ತಿಗೆಯದು ಎಂಬತ್ತೆಂಟು. ಹೊರಗೆ ಬಂದು ನಿಯಮದ ಪುಸ್ತಕ ತೆರೆದರು.

"ಬಾಗಿಲು ನೋಡಿದ್ರೆ ಎರಡು ಮನೆ. ಸಂದು ನೋಡಿದ್ರೆ ಒಂದು. ಇಂಥ ಕಡೆ ವಾಸ ಇರೋರು ಹೇಳಿದ್ದೇ ಅಂತಿಮ ಅಂತಿದೆ. ಎರಡು ಅಂದ್ರೆ ಎರಡಕ್ಕೂ ಕನಿಷ್ಠ ಕಂದಾಯ ಬೀಳತ್ತೆ." ಪೆನ್ನು ತೆರೆದು, ಇಷ್ಟು ವರ್ಷದ ಅಭ್ಯಾಸದಂತೆ ನನ್ನ ಕಡೆ ತಿರುಗಿದರು. "ಏನು ಬರ್ಕೊಳ್ಳಿ ಇಂದ್ರಮ್ಮ?"

ನಾನು ಅವರಿಗಿಂತ ಮೊದಲೇ ಲೆಕ್ಕ ಹಾಕಿದ್ದೆ. ಎರಡು ಎಂದರೆ ಇನ್ನೊಂದು ಮುನ್ನೂರ ಅರವತ್ತು, ಹೆರಿಗೆ ಮನೆ ಉಳಿಯಿತು. ಎರಡು ಎಂದರೆ ಇನ್ನು ಮುಂದೆ ನನ್ನ ಮನೆಯಲ್ಲಿ ನಾನೊಬ್ಬಳೇ. ಒಂಬತ್ತು ವರ್ಷದ ಹಿಂದಿನ ಭಯವೇ ಬಂದು ಎದುರಿಗೆ ನಿಂತಿತ್ತು. ಈ ಸಲ ನಾನು ಹೇಳಬೇಕಾದ ಉತ್ತರ ಒಳ್ಳೆಯದೇ ಆಗಿತ್ತು, ನಾಲಿಗೆಯ ತುದಿಗೂ ಬಂದಿತ್ತು. ಕಚ್ಚಿ ಹಿಡಿದೆ.

"ಅತ್ತಿಗೆನ ಕೇಳಿ ಸಾರ್," ಎಂದೆ.

ಧರಣೇಂದ್ರಯ್ಯ ಅತ್ತಿಗೆಯ ಕಡೆ ತಿರುಗಿದರು. ಅತ್ತಿಗೆ ಬೀದಿಯನ್ನು ನೋಡಿದರು, ತಮ್ಮ ಬಾಗಿಲನ್ನು ನೋಡಿದರು, ನನ್ನನ್ನು ಬಹಳ ಹೊತ್ತು ನೋಡಿದರು. ನಾನು ಕಣ್ಣಿನಲ್ಲೂ ಏನೂ ಹೇಳದಂತೆ ನೆಲ ನೋಡುತ್ತ ನಿಂತೆ. ನನ್ನ ಜೀವಮಾನದಲ್ಲಿ ಅಷ್ಟು ಹೊತ್ತು ಸುಮ್ಮನಿದ್ದದ್ದು ಇಲ್ಲ.

"ಎರಡು," ಎಂದರು.

"ದಿವಂಗತರ ಹೆಸರು ಸೇರಿಸಿ, ಅವರ ಪತ್ನಿ ಅಂತ ಬರೀಲಾ?"

"ಸರ್ವಮಂಗಳಾ ಅಂತಷ್ಟೇ ಬರ್ಕೊಳಿ."

ಅವರು ಒಳಗೆ ಹೋಗಿ ಮುನ್ನೂರ ಅರವತ್ತು ರೂಪಾಯಿ ತಂದು ಎಣಿಸಿ ಕೊಟ್ಟರು. ರಸೀದಿಯನ್ನು ಎರಡು ಸಲ ಓದಿ ಮಡಚಿ ಇಟ್ಟುಕೊಂಡರು. ಐದು ಗಂಟೆಯ ಒಳಗೆ ಲೆಕ್ಕ ಮೇಲಕ್ಕೆ ಹೋಯಿತು, ಬೇಕಾದದ್ದಕ್ಕಿಂತ ಐವತ್ತು ರೂಪಾಯಿ ಹೆಚ್ಚಿಗೆ. ಕಚೇರಿಯಲ್ಲಿ ಎಲ್ಲರೂ ಪೇಡಾ ತಿಂದರು. ನನ್ನ ಪಾಲಿನದನ್ನು ಕಾಗದದಲ್ಲಿ ಕಟ್ಟಿಕೊಂಡು ಮನೆಗೆ ಬಂದೆ.

ಮನೆ ಎನ್ನುವುದು ಎಂಬತ್ತು ಚದರಡಿ. ದೀಪ ಹಚ್ಚಿದೆ. ಗೋಡೆಯ ಸಂದಿನಿಂದ ಆಚೆಯ ಬೆಳಕು ಕಾಣುತ್ತಿತ್ತು, ಪಾತ್ರೆಯ ಸದ್ದು ಕೇಳುತ್ತಿತ್ತು. ಸಕ್ಕರೆ, ಕಾಫಿಪುಡಿ ಡಬ್ಬಗಳೆಲ್ಲ ನನ್ನ ಕಡೆಯೇ ಉಳಿದಿದ್ದವು. ಸಂದಿನಲ್ಲಿ ಕೈಚಾಚಿ ಕೊಟ್ಟುಬಿಡಲೇ ಎಂದು ಎದ್ದೆ, ಮತ್ತೆ ಕೂತೆ. ಆಚೆಯ ಬಾಗಿಲು ತೆರೆದ ಸದ್ದಾಯಿತು. ಬೀದಿಯಲ್ಲಿ ನಾಲ್ಕು ಹೆಜ್ಜೆ. ಆಮೇಲೆ ನನ್ನ ಬಾಗಿಲನ್ನು ಯಾರೋ ತಟ್ಟಿದರು.

ಅತ್ತಿಗೆ ಕೈಯಲ್ಲಿ ಒಂದು ಲೋಟ ಹಿಡಿದು ಮೆಟ್ಟಿಲ ಕೆಳಗೆ ನಿಂತಿದ್ದರು.

"ಒಂದು ಲೋಟ ಸಕ್ಕರೆ ಇದ್ರೆ ಕೊಡು. ಬೆಳಿಗ್ಗೆ ಬೇಗ ಹೋಗ್ಬೇಕು, ಹೆರಿಗೆಗೆ ಮೂರು ಜನ ಬಂದು ಸೇರಿದಾರೆ," ಎಂದರು. ಮುಖದಲ್ಲಿ ಸಿಟ್ಟು ಇನ್ನೂ ಹಾಗೇ ಇತ್ತು.

ಲೋಟ ತುಂಬಿ ಕೊಟ್ಟೆ. ಅವರು ತೆಗೆದುಕೊಂಡು ಅಲ್ಲೇ ನಿಂತರು. ಇಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದವರನ್ನು ಹೇಗೆ ಒಳಗೆ ಕರೆಯಬೇಕೆಂದು ತಿಳಿಯದಿದ್ದರೂ ಕೊನೆಗೆ ಕೇಳಿದೆ. "ಒಳಗೆ ಬರ್ತೀರಾ ಅತ್ತಿಗೆ?"

ಅವರು ಲೋಟದೊಳಗೆ ನೋಡಿದರು, ನನ್ನನ್ನು ನೋಡಿದರು.

"ಕೇಳಿದ್ಯಲ್ಲ, ಬರ್ತೀನಿ," ಎಂದು ಚಪ್ಪಲಿ ಬಿಟ್ಟು ಒಳಗೆ ಬಂದರು.